ಪೂರ್ಣಿಗೆ ಕೊಡಿಸಿದ ಪೀಶಕತ್ತಿ

ಬ್ರಹ್ಮಾವರದ ತಂಗಿಯ ಮನೆಗೆ ಬಂದು ನೆಲೆಸಿದ ಮೇಲೆ ನನಗೆ ಹೊಸ ಕೆಲಸವೊಂದು ಅಂಟಿಕೊಂಡಿದೆ. ತಂಗಿ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಾಳೆ. ಹಿಂದಲೆಗೆ ಅವಳ ಕೈ ಎಟುಕುವುದಿಲ್ಲ. ಅಲ್ಲಿ ನಾನು ಹಚ್ಚಬೇಕು. ಕಳೆದ ಭಾನುವಾರ ಅವಳು ಯಾವುದೋ ಹೊಸ ಪೊಟ್ಟಣ ತಂದಿದ್ದಳು. ಬಟ್ಟಲಿಗೆ ಸುರಿದು ಕದಡಿದ ಕೂಡಲೇ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಅಮೋನಿಯಾ. ಬ್ರಶ್ಶನ್ನು ಬಟ್ಟಲಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ನಿಂತೆ.

"ಎಂತ ಆಯ್ತೇ ಅಕ್ಕ? ತಲಿ ತಿರುಗ್ತಾ?"

"ಇಲ್ಲೆ. ಪೂರ್ಣಿ ವಾಸ್ನಿ ಬಂತ್."

ತಂಗಿ ಅರ್ಧ ಬಣ್ಣದ ತಲೆಯಲ್ಲಿ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಎಲ್ಲ ಗೊತ್ತಿದೆ. ನಾನು ತಮ್ಮನ ಮನೆ ಬಿಟ್ಟು ಇಲ್ಲಿಗೆ ಬಂದದ್ದೇ ಆ ವರ್ಷದ ದೆಸೆಯಿಂದ.

ಪೂರ್ಣಿಮಾ ನನ್ನ ತಮ್ಮ ಶೀನನ ಮಗಳು. ಆಗ ನಾನು ಡ್ರಿಲ್ ಟೀಚರ್ ಕೆಲಸದಿಂದ ನಿವೃತ್ತಳಾಗಿ ಯಡ್ತರೆಯಲ್ಲಿ ಶೀನನ ಮನೆಯಲ್ಲೇ ಇದ್ದೆ. ಪೂರ್ಣಿಯ ಗಂಡ ಮುಂಬಯಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಬಾಣಂತನಕ್ಕೆ ತವರಿಗೆ ಬಂದವಳು ಹೆತ್ತು, ಮೈ ಗಟ್ಟಿಯಾಗುವವರೆಗೆ ಇದ್ದು, ಮತ್ತೆ ಗಂಗೊಳ್ಳಿಯ ಐಸ್ ಪ್ಲಾಂಟಿನ ಕೆಲಸಕ್ಕೆ ಹೋಗತೊಡಗಿದಳು. ಮದುವೆಗೆ ಮೊದಲಿನಿಂದಲೂ ಅವಳು ಅಲ್ಲೇ ಇದ್ದವಳು. ಸಂಜೆ ಅವಳು ಅಂಗಳಕ್ಕೆ ಕಾಲಿಡುವ ಮೊದಲೇ ವೇಲಿನಿಂದ ಐಸ್ ಕಟ್ಟಿಸುವ ಅಮೋನಿಯಾದ ವಾಸನೆ ಬರುತ್ತಿತ್ತು. ಸ್ನಾನ ಮಾಡಿ ಬಟ್ಟೆ ಬದಲಿಸದೆ ಮಗುವನ್ನು ಮುಟ್ಟಬಾರದು ಎಂದು ನಾನು ನಿಯಮ ಮಾಡಿದ್ದೆ. ಮಗು ಅಜ್ಜಿಯ ತೋಳಿನಿಂದ ಅವಳ ಕಡೆಗೆ ಬಾಗಿ ಅಳುತ್ತಿತ್ತು. ಅವಳು "ಬಂದೆ ಮಗಾ, ಬಂದೆ" ಎನ್ನುತ್ತಾ ಬಚ್ಚಲಿಗೆ ಓಡುತ್ತಿದ್ದಳು.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದರೆ ಐಸ್ ಪ್ಲಾಂಟಿನಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಯಾವ ಬೋಟಿಗೆ ಎಷ್ಟು ಐಸ್, ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಕೌಂಟರಿನಲ್ಲಿ ಕುಳಿತು ತೀರ್ಮಾನ ಮಾಡುವುದು ಅವಳ ಕೆಲಸ. ಕೈಗೂಸನ್ನು ಬಿಟ್ಟು ಹೋಗುವಂಥ ಕೆಲಸ ಅದೆಂತಹದು ಎಂದು ನೋಡಲು ನಾನೇ ಒಂದು ದಿನ ಹೋಗಿದ್ದೆ. ಹೊರಗೆ ಜಡಿಮಳೆ. ಐಸ್ ಪುಡಿ ಮಾಡುವ ಕ್ರಷರಿನ ಗದ್ದಲ ಒಳಗೆ. ಆ ಗದ್ದಲದ ಮೇಲೆ ಅವಳ ದನಿ.

"ಹ್ವಾಯ್, ನಿಮ್ಮ ಬೋಟ್ ಓಡಿ ಹೋತಿಲ್ಲೆ. ಸಾಲಗೆ ನಿಲ್ಲಿ ಕಾಂಬ."

"ಎಷ್ಟ್ ಹೊತ್ತ್ ನಿಲ್ಲೂದ್ ಅಮ್ಮ? ಬಂಗ್ಡಿ ಮೀನ್ ನಂಗೆ ಕಾಯ್ಕಂಡ್ ಕೂತಿತ್ತಾ?"

"ಬಂಗ್ಡಿಗೆ ನೀವ್ ಬಪ್ದ್ ತಡ ಆದ್ರೆ ಸಂತೋಷವೇ."

ದೋಣಿಯ ಗಂಡಸರು ನಕ್ಕು ಸಾಲಿಗೆ ಸೇರಿದರು. ಗಂಟಲು ಹೀಗಿರಬೇಕು ಎಂದು ನಾನು ಎಷ್ಟೋ ವರ್ಷ ಮೈದಾನದಲ್ಲಿ ಹುಡುಗಿಯರಿಗೆ ಹೇಳಿಕೊಟ್ಟಿದ್ದೆ. ಮನೆಯ ಹುಡುಗಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಹಳೆಯ ಮ್ಯಾನೇಜರಿಗೆ ಕಣ್ಣು ಮಂಜಾಗಿತ್ತು. ದೀಪಾವಳಿ ಕಳೆದ ಮೇಲೆ ಇಡೀ ಕೌಂಟರನ್ನು ಪೂರ್ಣಿಗೇ ವಹಿಸುವುದೆಂದು ಪ್ಲಾಂಟಿನ ಧಣಿಗಳು ಹೇಳಿದ್ದರು. ಆ ವರ್ಷ ಅವಳು ಎದುರು ನೋಡುತ್ತಿದ್ದದ್ದು ಅದೊಂದನ್ನೇ.

ಪ್ಲಾಂಟಿಗೆ ತಾಗಿಕೊಂಡು ಬೋಟಿನ ಎಂಜಿನ್ ಸ್ಪೇರ್‌ಪಾರ್ಟ್ಸ್ ಅಂಗಡಿಯಿತ್ತು. ಅದು ಧಣಿಗಳ ಹೆಂಡತಿಯ ತಮ್ಮ ಪ್ರಭಾಕರನದು. ಊರಿಗೆ ಬೇಕಾದ ಮನುಷ್ಯ. ನಮ್ಮ ಶಾಲೆಯ ಕ್ರೀಡಾಕೂಟಕ್ಕೆ ಒಂದು ವರ್ಷ ಬನಿಯನ್ ಕೊಡಿಸಿದ್ದ. ನನ್ನನ್ನು ಕಂಡರೆ "ನಮಸ್ಕಾರ ಟೀಚರ್" ಎಂದು ಸೊಂಟ ಬಗ್ಗಿಸುತ್ತಿದ್ದ. ಪೂರ್ಣಿ ಹೆತ್ತು ಮರಳಿದ ಮೇಲೆ ಅವನ ಉಪದ್ರ ಶುರುವಾಯಿತು. ಮೊದಲು ಕೌಂಟರಿಗೆ ಆತು ನಿಂತು ಮಾತು. ಆಮೇಲೆ ಬಸ್ಸಿನಲ್ಲಿ ಅವಳ ಟಿಕೇಟನ್ನೂ ತಾನೇ ತೆಗೆಯುವುದು. ತ್ರಾಸಿಯಲ್ಲಿ ಗಂಗೊಳ್ಳಿ ಬಸ್ಸು ಹತ್ತುವಾಗ ನೂಕುನುಗ್ಗಲಿನಲ್ಲಿ ಸರಿಯಾಗಿ ಅವಳ ಹಿಂದೆಯೇ ಇರುವುದು. ಬೈಕು ಇದ್ದವನಿಗೆ ಬಸ್ಸು ಯಾಕೆ ಎಂದು ಯಾರೂ ಕೇಳಲಿಲ್ಲ.

ಹೊಸ್ತಿಲು ಪೂಜೆಯ ಸೋಣೆ ತಿಂಗಳಿನ ಒಂದು ಬೆಳಗ್ಗೆ ಹೊಸ್ತಿಲಿಗೆ ಹೂ ಇಡುತ್ತಾ ಇದ್ದ ಪೂರ್ಣಿ ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ಅಮ್ಮ ಜಲಜ, ಅಪ್ಪ ಶೀನ, ನಾನು, ಮೂವರೂ ಅಲ್ಲೇ ಇದ್ದೆವು.

"ನಿನ್ನೆ ಎಂತ ಹೇಳ್ದ ಗೊತ್ತಿತ್ತಾ? ಗಂಡ ಊರಗಿಲ್ದಿದ್ ಬಾಣ್ತಿಗೆ ಬೇಜಾರಾತಿಲ್ಲ್ಯಾ ಅಂದ."

ಜಲಜ ಕಿವಿ ಮುಚ್ಚಿಕೊಂಡಳು. "ಕೆಲ್ಸ ಬಿಡ್ ಮಗಾ."

"ನಾ ಎಂತಕ್ಕೆ ಬಿಡ್ಕ್? ಹೇಳಿದ್ದ್ ಅವ."

"ಧಣಿಗಳ ಹೆಂಡ್ತಿ ತಮ್ಮ ಅವ," ಎಂದ ಶೀನ. "ನಾ ಹೋಯಿ ಎಂತ ಹೇಳೂದ್?"

ಧಣಿಗಳಿಗೆ ಅವಳೇ ಹೇಳಿದಳು. "ಅವ ತಮಾಷೆ ಮನ್ಷ. ನೀ ಮನ್ಸಿಗೆ ಹಚ್ಕಣ್ಬೇಡ" ಎಂದರಂತೆ. ಶೀನ ಇಷ್ಟು ಮಾತ್ರ ಮಾಡಿದ: ಬೆಳಗ್ಗೆ ಮಗಳನ್ನು ಸ್ಕೂಟರಿನಲ್ಲಿ ತ್ರಾಸಿಯವರೆಗೆ ಬಿಟ್ಟು, ಅವಳು ಬಸ್ಸು ಹತ್ತಿ ಸೀಟು ಹಿಡಿಯುವವರೆಗೆ ನಿಂತು ಬರತೊಡಗಿದ. ಅಪ್ಪ ನಿಂತಿದ್ದ ದಿನಗಳಲ್ಲಿ ಪ್ರಭಾಕರ ಬಸ್ಸು ಹತ್ತುತ್ತಿರಲಿಲ್ಲ. ಆದರೆ ಸಂಜೆಗೆ ಅಪ್ಪ ಇರಲಿಲ್ಲ.

ಆ ವಾರವೇ ಪೂರ್ಣಿ ನನ್ನ ಕೋಣೆಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಅತ್ತೆ, ನಂಗೊಂದ್ ಕತ್ತಿ ಬೇಕ್. ಸಣ್ಣದ್. ಹೊರಗೆ ಕಾಂಬುಕಾಗ."

ನಾನು ಯೋಚಿಸಿದೆ. ಪೊಲೀಸಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನನ್ನು ಕೇಳಿದೆ. "ಟೀಚರ್, ನೀವ್ ಕೇಳ್ಲಿಲ್ಲೆ, ನಾ ಹೇಳ್ಲಿಲ್ಲೆ. ಕತ್ತಿ ಹೊರಗೆ ಬಂದ್ರೆ ಕಷ್ಟ ಇಟ್ಕಂಡವ್ರಿಗೇ. ಅದ್ಕಿಂತ ಕಂಪ್ಲೇಂಟ್ ಕೊಡಿ" ಎಂದ. ಮನೆಯಲ್ಲಿ ಕಂಪ್ಲೇಂಟ್ ಎಂದ ಕೂಡಲೇ ಶೀನ ಎದ್ದು ಹೊರಗೆ ಹೋದ. ಹಾಗಾಗಿ ಕತ್ತಿಯೇ ಆಗಲಿ ಎಂದು ಹೊರಟೆವು. ತರುವುದಾದರೆ ಸರಿಯಾದದ್ದನ್ನೇ ತರಬೇಕು. ಶೂ ಕೊಂಡರೂ, ಸೀಟಿ ಕೊಂಡರೂ ನನ್ನದು ಅದೇ ಪದ್ಧತಿ.

ಕುಂದಾಪುರದ ಅಂಗಡಿಗಳನ್ನು ಇಬ್ಬರೂ ಸುತ್ತಿದೆವು. ಪಾತ್ರೆಯಂಗಡಿಯ ಹಣ್ಣು ಕೊಯ್ಯುವ ಚಾಕು ಒತ್ತಿದರೆ ಬಳುಕುತ್ತಿತ್ತು. ಅದರ ಹಿಡಿ ಪ್ಲಾಸ್ಟಿಕ್ಕು, ಒದ್ದೆ ಕೈಗೆ ಜಾರುತ್ತದೆ. ಪೂರ್ಣಿಯ ಕೈ ದಿನವಿಡೀ ಐಸಿನ ನಡುವೆ ಇರುವುದು. ಫ್ಯಾನ್ಸಿ ಅಂಗಡಿಯವನು ಮಡಿಚುವ ಚಾಕುಗಳನ್ನು ಸಾಲಾಗಿ ಹರಡಿದ. ಒಂದನ್ನು ಬಿಡಿಸಿ ತುದಿಯನ್ನು ಗಾಜಿನ ಪೆಟ್ಟಿಗೆಗೆ ಊರಿದೆ. ಟಪ್ಪನೆ ಮಡಿಚಿಕೊಂಡಿತು. ಸ್ವಲ್ಪ ಆಚೆಯಾಗಿದ್ದರೆ ನನ್ನ ಬೆರಳೇ.

"ಇದ್ರಗೆ ಲಾಕ್ ಇಲ್ಯಾ?"

"ಲಾಕ್ ಎಂತಕ್ಕೆ ಅಮ್ಮ? ಮಾವಿನ್ಕಾಯಿ ಕೊಯ್ಯೂಕಲ್ದಾ?"

"ಮಾವಿನ್ಕಾಯಿ ಓಡಿ ಬಂದ್ರೆ?" ಎಂದು ಪೂರ್ಣಿ ಕೇಳಿದಳು. ಅಂಗಡಿಯವನು ಅವಳ ಮುಖ ನೋಡಿ, ನನ್ನ ಮುಖ ನೋಡಿ, ಚಾಕುಗಳನ್ನು ಒಳಗಿಟ್ಟ. ರಸ್ತೆಗೆ ಬಂದು ನಾವಿಬ್ಬರೂ ಬಹಳ ಹೊತ್ತು ನಕ್ಕೆವು. ಆ ವರ್ಷ ಅವಳು ಹಾಗೆ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಮೀನು ಕೊಯ್ಯುವ ಕತ್ತಿ ಉದ್ದವಾಯಿತು. ಕೀಚೈನಿನಲ್ಲಿ ತೂಗುವ ಆಟದ ಚಾಕು ಬೇಡವಾಯಿತು. ಕಡೆಗೆ ಸಂತೆಯಲ್ಲಿ ಕತ್ತಿ, ಕುಡುಗೋಲು ಹರಡಿಕೊಂಡು ಕುಳಿತ ಆಚಾರಿಯೊಬ್ಬರ ಹತ್ತಿರ ಒಂದು ಪೀಶಕತ್ತಿ ಸಿಕ್ಕಿತು. ಬಾಳೆಲೆ ಕೊಯ್ಯಲು, ಹೂ ಕೀಳಲು ಹೆಂಗಸರು ಇಟ್ಟುಕೊಳ್ಳುವ ಸಣ್ಣ ಕತ್ತಿ. ಅಲಗು ಬೆರಳುದ್ದ, ಮಡಿಚುವ ಕೀಲಿಲ್ಲ. ಮರದ ಹಿಡಿ ಸ್ವಲ್ಪ ಒರಟು, ಒದ್ದೆ ಕೈಗೆ ಅದೇ ಒಳ್ಳೆಯದು. ಪೂರ್ಣಿಯ ಮುಷ್ಟಿಯಲ್ಲಿ ಹಿಡಿ ಪೂರ್ತಿ ಅಡಗಿತು.

ಇನ್ನು ಇಡುವುದೆಲ್ಲಿ? ಬ್ಯಾಗಿನ ತಳದಲ್ಲಿ ಟಿಫಿನ್ ಡಬ್ಬಿ, ಕೊಡೆ, ಚಾರ್ಜರುಗಳ ಕೆಳಗಿದ್ದರೆ ಇದ್ದೂ ಇಲ್ಲದಂತೆ. ಸೊಂಟಕ್ಕೆ ಸಿಕ್ಕಿಸಿದರೆ ಬಗ್ಗುವಾಗ ಅವಳಿಗೇ ಚುಚ್ಚುತ್ತದೆ. ನನ್ನ ಹಳೆಯ ಕ್ಯಾನ್ವಾಸ್ ಶೂ ಕತ್ತರಿಸಿ ಅಲಗಿಗೆ ದಪ್ಪ ಒರೆ ಹೊಲಿದೆ. ಅವಳ ಚೂಡಿದಾರುಗಳಿಗೆಲ್ಲ ಬಲಗಡೆ ಆಳವಾದ ಕಿಸೆ ಇಡಿಸಲು ಬೈಂದೂರಿನ ದರ್ಜಿಯ ಹತ್ತಿರ ಹೋದೆವು.

"ಕಿಸೆ ಎಂತಕ್ಕೆ?" ಎಂದ ಅವನು.

"ಮೊಬೈಲಿಗೆ."

"ಇಷ್ಟ್ ಉದ್ದದ್ ಮೊಬೈಲಾ?"

"ಮುಂಬಯಿಯಿಂದ ಬಪ್ದ್," ಎಂದಳು ಪೂರ್ಣಿ.

ಕತ್ತಿ ಮನೆಗೆ ಬಂದ ದಿನ ಜಲಜ ಹೌಹಾರಿದಳು. ಮಗಳ ಕೈಯಿಂದ ತನ್ನ ಕೈಗೆ ತೆಗೆದುಕೊಳ್ಳಲಿಲ್ಲ. ಕೈಯಿಂದ ಕೈಗೆ ಕತ್ತಿ ಕೊಟ್ಟರೆ ಜಗಳವೆಂದು ನಮ್ಮಲ್ಲಿ ನೆಲದ ಮೇಲೆ ಇಟ್ಟೇ ಎತ್ತಿಕೊಳ್ಳುವುದು. ಎತ್ತಿ ತಿರುಗಿಸಿ ನೋಡಿದಳು. ನೋಡುತ್ತಾ ಅವಳ ಮುಖದ ಗಾಬರಿ ಇಳಿಯಿತು.

"ಇರ್ಲಿ ಬಿಡಿ. ಹ್ಯಾಂಗೂ ಬಾಣ್ತಿ ಹತ್ರ ಕಬ್ಬಿಣ ಇರ್ಕೇ."

ಅದು ಹಳೆಯ ಪದ್ಧತಿ. ಹೆತ್ತವಳು ಹೊರಗೆ ಕಾಲಿಡುವಾಗ ದೆವ್ವದ ಗಾಳಿ ಸೋಕಬಾರದೆಂದು ಕೈಯಲ್ಲಿ ಕಬ್ಬಿಣದ ಚೂರು ಹಿಡಿಯುತ್ತಾಳೆ. ದಿಂಬಿನ ಅಡಿಯಲ್ಲಿ ಕತ್ತಿ ಇಟ್ಟು ಮಲಗುತ್ತಾಳೆ. ಇದು ಅದಕ್ಕೆ ತಂದದ್ದಲ್ಲ ಎಂದು ನಾನು ಹೇಳಿದೆ. ಜಲಜ ಕೇಳಿಸಿಕೊಳ್ಳಲಿಲ್ಲ.

ಹಿತ್ತಿಲಿನ ತೆಂಗಿನ ಬುಡದಲ್ಲಿ ದಿನಾ ಅಭ್ಯಾಸ ಮಾಡಿಸಿದೆ. ಕತ್ತಿ ತೆಗೆಯುವುದು ಎಲ್ಲಕ್ಕಿಂತ ಕಡೆಯದು. ಮೊದಲು ಕಾಲು, ಜಾಗ ಬಿಟ್ಟು ಸರಿಯಲು. ಆಮೇಲೆ ಗಂಟಲು, ಸುತ್ತಲಿನವರು ಕೇಳಲು. ಅದೂ ಆಗದಿದ್ದರೆ ಕಿಸೆ. ತೆಗೆದರೆ ತನ್ನ ಮೈಗೆ ತಾಗಿಸಿ ಹಿಡಿಯುವುದು, ಬೀಸುವುದಲ್ಲ. ದಾರಿ ಸಿಕ್ಕ ಕೂಡಲೇ ಓಡುವುದು. "ದೂರ ನಿಲ್!" ಎಂದು ಅವಳು ಕೂಗಿದಾಗ ಚಾವಡಿಯಲ್ಲಿ ಅಜ್ಜಿಯ ಮಡಿಲಲ್ಲಿದ್ದ ಮಗು ಕೇಕೆ ಹಾಕಿ ನಗುತ್ತಿತ್ತು. ಆಚೆ ಮನೆಯವರು ಬೇಲಿಯ ಹತ್ತಿರ ಬಂದು "ನಾಯಿ ಬಂತಾ ಟೀಚರೇ?" ಎಂದು ಕೇಳಿದರು.

ಇಷ್ಟಾದ ಮೇಲೆ ಆದದ್ದನ್ನು ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ. ಕತ್ತಿ ಅವಳ ಕಿಸೆಗೆ ಇಳಿದ ದಿನವೇ ಮನೆಯವರ ತಲೆಯ ಮೇಲಿನ ಹೊರೆಯೂ ಇಳಿಯಿತು. ಶೀನ ಸ್ಕೂಟರು ತೆಗೆಯುವುದನ್ನು ನಿಲ್ಲಿಸಿದ. ಒಂದು ದಿನ ಮಳೆಯೆಂದ, ಮತ್ತೊಂದು ದಿನ ಬೆನ್ನುನೋವೆಂದ, ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟ.

"ಎಂತಕ್ಕಾ ಬಿಟ್ಟ್ ಬತ್ತಿಲ್ಲ ನೀ?" ಎಂದು ಕೇಳಿದೆ.

"ಇನ್ನೆಂತ ಹೆದ್ರಿಕೆ ಅಕ್ಕ? ಕತ್ತಿ ಇತ್ತಲೆ."

ಸಂಜೆ ತಡವಾದರೆ ಫೋನು ಮಾಡುತ್ತಿದ್ದ ಜಲಜ ಫೋನು ಮಾಡುವುದನ್ನು ಬಿಟ್ಟಳು. ಮುಂಬಯಿಯಿಂದ ಗಂಡ ವಿಡಿಯೋ ಕಾಲಿನಲ್ಲಿ "ನಮ್ಮನಿ ಪೊಲೀಸಮ್ಮ ಹ್ಯಾಂಗಿತ್ತ್?" ಎಂದು ನಕ್ಕ. ರಜೆ ಹಾಕಿ ಬರುತ್ತೇನೆ ಎಂದಿದ್ದ ಮಾತು ಅಲ್ಲಿಗೆ ಮುಗಿಯಿತು. ಬೆಳಗ್ಗೆ ಗಂಗೊಳ್ಳಿಯವರೆಗೆ ನಾನು ಜೊತೆಗೆ ಹೋಗತೊಡಗಿದೆ. ಗಂಗೊಳ್ಳಿಯ ಬಸ್ಸಿನಲ್ಲಿ ಪ್ರಭಾಕರ ನನಗೆ ಸೀಟು ಬಿಟ್ಟುಕೊಟ್ಟ.

"ಕೂಕಣಿ ಟೀಚರ್. ನಿಮ್ಮಂಥವ್ರು ನಿಲ್ಲೂದಾ?"

ಎದ್ದು ನಿಂತವನು ಪೂರ್ಣಿಯ ಸೀಟಿನ ಕಂಬಿ ಹಿಡಿದು ಅವಳ ಮೇಲೆ ಬಾಗಿದ. ನಾನು ಎದ್ದು ಅವರಿಬ್ಬರ ನಡುವೆ ನಿಂತೆ. "ವಯಸ್ಸಾಯ್ತ್, ಹಟ ಹೋಗ್ಲಿಲ್ಲೆ" ಎಂದು ಅವನು ಕಂಡಕ್ಟರನಿಗೆ ಹೇಳಿದ; ಕಂಡಕ್ಟರ್ ಹಲ್ಲು ಕಿರಿದ.

ಪ್ಲಾಂಟಿನ ಒಳಗೆ ನಾನು ನಿಲ್ಲುವಂತಿರಲಿಲ್ಲ. ಮಳೆ ಹಿಂದೆ ಸರಿದು ಬಿಸಿಲು ಬಂದ ದಿನಗಳು. ಬಂಗುಡೆ ರಾಶಿ ರಾಶಿ ಸಿಕ್ಕಿ ಐಸಿಗೆ ಎಳೆದಾಟವಾಗಿದ್ದ ಒಂದು ಮಧ್ಯಾಹ್ನ, ಪೂರ್ಣಿ ಐಸ್ ಎಷ್ಟು ಉಳಿದಿದೆ ಎಂದು ನೋಡಲು ಹಿಂದಿನ ಓಣಿಗೆ ಹೋದಳು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಐಸ್ ಹೆಪ್ಪುಗಟ್ಟಿಸುವ ತಗಡಿನ ಕ್ಯಾನುಗಳ ಅಟ್ಟಿ. ನೆಲ ಯಾವಾಗಲೂ ಒದ್ದೆ. ಪ್ರಭಾಕರ ಹಿಂದಿನಿಂದ ಬಂದು ಸೊಂಟಕ್ಕೆ ಕೈ ಹಾಕಿದ. ಅವಳು ಮೊದಲು ಸರಿದಳು. ಗೋಡೆ ಅಡ್ಡ ಬಂತು. ಕೂಗಿದಳು, ಕ್ರಷರಿನ ಸದ್ದಿನಲ್ಲಿ ಅದು ಮುಳುಗಿತು. ಆಮೇಲೆ ಕಿಸೆಗೆ ಕೈ ಹಾಕಿದಳು. ಹೇಳಿಕೊಟ್ಟಿದ್ದ ಹಾಗೆಯೇ, ಒಂದೂ ಹೆಚ್ಚು ಕಡಿಮೆ ಇಲ್ಲದೆ ಮಾಡಿದಳು. ಅಲಗನ್ನು ನೋಡಿದ ಕೂಡಲೇ ಅವನು ಹಿಂದಕ್ಕೆ ಹಾರಿದ, ನೀರಿನಲ್ಲಿ ಕಾಲು ಜಾರಿ ಬಿದ್ದ, ಬೀಳುವಾಗ ಕ್ಯಾನಿನ ಹರಿದ ಅಂಚು ಹಿಡಿದ. ಅಂಗೈ ಸೀಳಿತು. ಕತ್ತಿ ಅವನಿಗೆ ತಾಗಲೇ ಇಲ್ಲ.

ಯಾರೋ ಕ್ರಷರ್ ನಿಲ್ಲಿಸಿದರು. ಓಡಿ ಬಂದವರಿಗೆ ಕಂಡದ್ದು ಅವಳ ಕೈಯಲ್ಲಿ ಕತ್ತಿ, ಅವನ ಕೈಯಲ್ಲಿ ರಕ್ತ. ಕ್ಯಾಮೆರಾ ಗೇಟಿಗೆ ಮಾತ್ರ ಇತ್ತು.

ಆ ಸಂಜೆಯೇ ಠಾಣೆಗೆ ಹೋಗೋಣ ಎಂದೆ. ಪೂರ್ಣಿ ಚಪ್ಪಲಿ ಹಾಕಿ ಅಂಗಳಕ್ಕಿಳಿದಿದ್ದಳು. ಶೀನ ಅಡ್ಡ ನಿಂತ. "ಕೂಸಿನ್ ತಾಯಿ ಹೆಸ್ರು ಠಾಣಿಯಗೆ ಬರ್ಸೂದಾ? ಕತ್ತಿ ತೋರ್ಸಿದ್ದ್ ನಮ್ ಹೆಣ್ಣೇ ಅಲ್ದಾ?" ಗಂಡನಿಗೆ ಫೋನು ಹಚ್ಚಿದರೆ ಅವನೂ ಅದನ್ನೇ ಹೇಳಿದ: ಧಣಿಗಳು ಏನು ಹೇಳುತ್ತಾರೆ ನೋಡೋಣ. ಅಷ್ಟರಲ್ಲಿ ಧಣಿಗಳಿಂದಲೇ ಕರೆ ಬಂತು. ಪ್ರಭಾಕರ ಕಂಪ್ಲೇಂಟ್ ಕೊಡುವುದಕ್ಕೆ ಹೊರಟಿದ್ದಾನೆ, ತಾನು ಹಿಡಿದು ನಿಲ್ಲಿಸಿದ್ದೇನೆ, ನಾಳೆ ಬೆಳಗ್ಗೆ ಎಲ್ಲರೂ ಮನೆಗೆ ಬನ್ನಿ, ಅಲ್ಲಿಯೇ ಮುಗಿಸೋಣ.

ಪ್ಲಾಂಟಿನ ಪಕ್ಕದಲ್ಲೇ ಧಣಿಗಳ ಮನೆ. ಚಾವಡಿಯಲ್ಲಿ ಗಂಡಸರಿಗೆ ಕುರ್ಚಿ, ನಮಗೆ ಬೆಂಚು. ಪ್ರಭಾಕರ ಬ್ಯಾಂಡೇಜಿನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಕತ್ತಿ ಟೀಪಾಯಿಯ ಮೇಲೆ ಒಂದು ಪೇಪರಿನಲ್ಲಿತ್ತು. ಪೂರ್ಣಿಯ ಮಡಿಲಲ್ಲಿ ಮಗು.

"ಇಡೀ ಊರಗೆ ಹೆಣ್ಮಕ್ಕಳ್ ಕೆಲ್ಸಕ್ಕೆ ಹೋತ್ರ್," ಎಂದು ಧಣಿಗಳು ಶುರು ಮಾಡಿದರು. "ಯಾರ್ ಕಿಸಿಯಗೆ ಕತ್ತಿ ಇಟ್ಕಂಡ್ ಹೋತ್ರ್ ಶೀನ? ನೀನೇ ಹೇಳ್."

ಶೀನ ನೆಲ ನೋಡಿದ. "ನಂಗೊತ್ತಿರ್ಲಿಲ್ಲೆ ಧಣಿ."

ಪೂರ್ಣಿ ಅಪ್ಪನ ಕಡೆಗೆ ತಿರುಗಿದಳು. ಆ ನೋಟವನ್ನು ಶೀನ ನೋಡಲಿಲ್ಲ, ನಾನು ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಜಲಜ ಎದ್ದು ನಿಂತು ಕೈಮುಗಿದಳು.

"ಹಸಿ ಬಾಣ್ತಿ ಅಲ್ದಾ ಧಣಿ. ಗಾಳಿ ಸೋಕೂಕಾಗ ಅಂದೇಳಿ ನಾನೇ ಕಬ್ಬಿಣ ಕೊಟ್ಟದ್ದ್. ಓಣಿಯಗೆ ಕಪ್ಪ್ ಕಪ್ಪ್ ಕಂಡ್ ಹೆದ್ರಿತ್ ಹೆಣ್ಣ್. ಇವ್ರು ಅಂದೇಳಿ ಗೊತ್ತಾಯ್ಲಿಲ್ಲೆ ಅದ್ಕೆ."

ಚಾವಡಿಯಲ್ಲಿ ಎಲ್ಲರ ಮೈ ಸಡಿಲವಾದದ್ದು ನನಗೆ ಕಂಡಿತು. ಧಣಿಗಳು ಕುರ್ಚಿಗೆ ಒರಗಿದರು. "ಅಷ್ಟೇಯಾ? ಅದನ್ ಮೊದ್ಲೇ ಹೇಳೂದಲ್ದಾ ಮಾರಾಯ್ತಿ! ನಮ್ಮನಿಯಗೂ ಬಾಣ್ತಿ ದಿಂಬಿನಡಿ ಕತ್ತಿ ಇಡೂದಿತ್ತ್." ಒಳಗಿನಿಂದ ಕಾಫಿ ಬಂತು. ಪ್ರಭಾಕರ ಎಡಗೈಯಲ್ಲಿ ಲೋಟ ಹಿಡಿದು, "ನಂಗೂ ತಂಗಿ ಇದ್ದಾಂಗೇ ಅಲ್ದಾ? ನಾ ಎಂತ ಕೇಸ್ ಕೊಡ್ತ್ನಿಲ್ಲೆ" ಎಂದ.

ನಾನು ಎದ್ದೆ. "ಗಾಳಿಗಲ್ಲ. ಕುಂದಾಪುರದ ಸಂತೆಯಲ್ಲಿ ನಾನು ನಿಂತು ಕೊಡಿಸಿದ ಕತ್ತಿ ಅದು. ಒರೆ ಹೊಲಿದವಳು ನಾನು. ಇವನಿಗೋಸ್ಕರ. ಇವನು ಬಸ್ಸಿನಲ್ಲಿ ಮಾಡಿದ್ದನ್ನು ನಾನೇ ನೋಡಿದ್ದೇನೆ."

"ಅಕ್ಕ, ನೀ ಬಾಯ್ ಮುಚ್ಕಂಡ್ ಕೂಕೊ," ಎಂದ ಶೀನ. ಹುಟ್ಟಿದ ಮೇಲೆ ಅವನು ನನಗೆ ಆ ಮಾತು ಆಡಿದ್ದು ಅದೇ ಮೊದಲು.

ಧಣಿಗಳು ನಕ್ಕರು. "ಟೀಚರ್, ಇದ್ ಶಾಲಿ ಮೈದಾನ ಅಲ್ಲ. ಇಲ್ಲ್ ನೀವ್ ಸೀಟಿ ಊದ್ರೆ ಯಾರೂ ನಿಲ್ಲೂದಿಲ್ಲೆ. ಹ್ವಾಯ್ ಪೂರ್ಣಿಮಾ, ನೀನೇ ಹೇಳ್. ಗಾಳಿಗೆ ಹೆದ್ರಿ ಇಟ್ಕಂಡದ್ದಾ, ಇವ್ನಿಗೆ ಹೆದ್ರಿ ಇಟ್ಕಂಡದ್ದಾ? ಗಾಳಿಗಾದ್ರೆ ಇಲ್ಲಿಗೇ ಮುಗೀತ್, ನಾಳಿಂದ ಕೆಲ್ಸಕ್ಕೆ ಬಾ. ಇವ್ನಿಗಾದ್ರೆ ಠಾಣೆ, ಕೋರ್ಟು. ನಾ ಅಡ್ಡ ಬತ್ತಿಲ್ಲೆ."

ಮಗು ಅವಳ ವೇಲಿನ ಅಂಚನ್ನು ಬಾಯಿಗಿಟ್ಟುಕೊಂಡಿತ್ತು. ಅವಳು ಅದನ್ನು ನಿಧಾನವಾಗಿ ಬಿಡಿಸಿದಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಗಾಳಿಗೆ," ಎಂದಳು.

ಕತ್ತಿಯನ್ನು ಧಣಿಗಳು ಪೇಪರಿನಲ್ಲಿ ಸುತ್ತಿ ಒಳಗೆ ಕಳಿಸಿದರು. "ಕಬ್ಬಿಣ ಬೇಕಾದ್ರೆ ಒಂದ್ ಮೊಳಿ ಸಾಕಲೆ ಬಾಣ್ತಿಗೆ" ಎಂದರು. ಪ್ರಭಾಕರ ಎದ್ದು ಹೋಗಿ ತನ್ನ ಅಂಗಡಿಯಿಂದ ಹೊಸ ಮೊಳೆಯೊಂದನ್ನು ತಂದು ಟೀಪಾಯಿಯ ಮೇಲಿಟ್ಟ. ಜಲಜ ಅದನ್ನು ಎತ್ತಿ, ಎಲ್ಲರ ಎದುರಿಗೆ, ಮಗಳ ವೇಲಿನ ತುದಿಗೆ ಗಂಟು ಹಾಕಿದಳು.

ಮನೆ ಮುಟ್ಟಿದ ಮೇಲೆ ನಾನು ಅವಳನ್ನು ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು. "ಅವ್ನಿಗೆ ಹೆದ್ರಿ ಅಂದ್ರೆ ಠಾಣಿಗೆ ನನ್ ಜೊತಿಗೆ ಬಪ್ದ್ ನೀವೊಬ್ರೇ ಅತ್ತೆ. ನಿಮ್ಗೆ ವಯಸ್ಸಾಯ್ತ್" ಎಂದಳು. ಉತ್ತರ ಸರಿಯಾಗಿತ್ತು.

ಅವಳು ಕೆಲಸಕ್ಕೆ ಹೋದಳು. ಸುದ್ದಿ ಅವಳಿಗಿಂತ ಮೊದಲೇ ಹೋಗಿತ್ತು. ಮೀನಿನ ಪೆಟ್ಟಿಗೆ ಹೊರುವವರು ಕೌಂಟರಿನ ಹತ್ತಿರ ಬಂದು ಬೆದರಿದವರಂತೆ ನಟಿಸಿ ಹಿಂದೆ ಸರಿಯುತ್ತಿದ್ದರು. "ದೂರ ನಿಲ್ಲಿ ಮಾರಾಯ್ರೆ, ಬಾಣ್ತಿ ಕಣ್ಣಿಗೆ ನಾವೆಲ್ಲ ಕಪ್ಪೇ!" ಐಸಿನ ಸಾಲು ಅವಳು ಹೇಳಿದ ಹಾಗೆ ನಿಲ್ಲದೆ ಹೋಯಿತು. ಮೊದಲು ಅವಳ ಒಂದು ಮಾತಿಗೆ ಸರಿಯುತ್ತಿದ್ದ ದೋಣಿಯವರು ಈಗ "ನಮ್ಗೆ ಮೊದ್ಲ್ ಕೊಡ್, ಇಲ್ದಿರೆ ನಿಂಗೆ ಗಾಳಿ ಸೋಕತ್ತ್" ಎಂದು ನಗುತ್ತಾ ನುಗ್ಗಿದರು. ಪ್ರಭಾಕರ ದಿನಾ ಬೆಳಗ್ಗೆ ಬಂದು ಕೌಂಟರಿನ ಮೇಲೆ ಮೊಣಕೈಯೂರಿ ಒಂದೇ ಮಾತು ಕೇಳುತ್ತಿದ್ದ: "ಮೊಳಿ ಇತ್ತಾ?"

ದೀಪಾವಳಿ ಕಳೆಯಿತು. ಕೌಂಟರನ್ನು ಧಣಿಗಳು ಬೇರೆ ಒಬ್ಬ ಹುಡುಗನಿಗೆ ವಹಿಸಿದರು. "ನಿಂಗೆ ಈಗ ಆರಾಮಿಲ್ಲೆ, ಮುಂದೆ ಕಾಂಬ" ಎಂದರಂತೆ. ಅವಳು ಮನೆಯಲ್ಲಿ ಊಟ ಬಿಟ್ಟಳು. ಎದೆಹಾಲು ಕಡಿಮೆಯಾಯಿತು. ಮಗು ಅತ್ತರೆ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದು ನಾನು ಮತ್ತೆ ಮತ್ತೆ ಹೇಳಿದೆ. ಜಲಜಳಿಗೆ ಬೇರೆಯೇ ಹೆದರಿಕೆ ಹತ್ತಿತ್ತು. ಧಣಿಗಳ ಎದುರಿಗೆ ತಾನು ಕಟ್ಟಿ ಹೇಳಿದ ಮಾತನ್ನು, ಆಚೆಮನೆ ಈಚೆಮನೆಯವರಿಗೆ ಹೇಳಿ ಹೇಳಿ, ಅವಳು ತಾನೇ ನಂಬಿಬಿಟ್ಟಿದ್ದಳು.

"ಆ ಓಣಿಯಗೇ ಸೋಕದ್ದ್ ಅತ್ತಿಗೆ. ನಿಮ್ಗೆ ಇಂಥದ್ದೆಲ್ಲ ತಿಳಿತಿಲ್ಲ."

ಕೆರಾಡಿಯಲ್ಲಿ ಗಾಳಿ ಸೋಕಿದವರಿಗೆ ಮಂತ್ರಿಸಿದ ನೂಲು ಕಟ್ಟುವ ಹಿರಿಯರೊಬ್ಬರಿದ್ದರು. ಬಾಡಿಗೆ ಕಾರಿನಲ್ಲಿ ಹೋದೆವು. ಹಿತವಾದ ಚಳಿ. ಮನೆಯ ಹಿಂದಿನಿಂದಲೇ ಕಾಡು ಶುರುವಾಗುತ್ತಿತ್ತು. ಅವರು ಬಡಿವಾರದ ಮನುಷ್ಯರಲ್ಲ. ಸ್ನಾನ ಮಾಡಿ ಬಂದು, ಪೂರ್ಣಿಯನ್ನು ಮಣೆಯ ಮೇಲೆ ಕೂರಿಸಿ, ಬಹಳ ಮೆತ್ತಗೆ ಕೇಳಿದರು.

"ಕಂಡದ್ದ್ ಹೇಳ್ ಮಗಾ. ಹೆದ್ರೂದ್ ಬೇಡ. ಹೆಣ್ಣ್ ರೂಪವಾ, ಗಂಡ್ ರೂಪವಾ?"

"ಗಂಡ್," ಎಂದಳು ಪೂರ್ಣಿ.

"ಹ್ಯಾಂಗಿತ್ತ್?"

"ಬಿಳಿ ಅಂಗಿ. ಮೀಸಿ ಇತ್ತ್. ಬೆರಳಗೆ ಬಂಗಾರದ್ ಉಂಗ್ರ. ಹತ್ರ ಬಂದ್ರೆ ಡೀಸೆಲ್ ವಾಸ್ನಿ."

ಶೀನ ಕುಳಿತಲ್ಲೇ ಮಿಸುಕಿದ. ಹಿರಿಯರು ಅವನ ಕಡೆಗೆ ನೋಡಲಿಲ್ಲ.

"ಯಾವಾಗ್ಳಿಂದ ಕಾಣತ್ತ್?"

"ಹೆತ್ತ್ ಕೆಲ್ಸಕ್ಕೆ ಹೋದ ಮೇಲಿಂದ. ಮೊದ್ಲ್ ಬಸ್ಸಗೆ ಬಪ್ದ್. ಹಿಂದೆ ನಿಂತ್ಕಂಬ್ದ್."

"ಮಾತಾಡತ್ತಾ?"

"ಮಾತಾಡತ್ತ್. ಗಂಡ ಊರಗಿಲ್ದಿದ್ರೆ ಬೇಜಾರಾತಿಲ್ಲ್ಯಾ ಕೇಳ್ತ್. ಓಣಿಯಗೆ ಹಿಂದಿಂದ ಬಂದ್ ಸೊಂಟ ಹಿಡೀತ್. ಕೂಗ್ದೆ. ಯಾರಿಗೂ ಕೇಳ್ಲಿಲ್ಲೆ."

ಏನನ್ನೂ ಬಿಡಲಿಲ್ಲ. ಕೌಂಟರಿನಿಂದ ಹಿಡಿದು ಚಾವಡಿಯವರೆಗೆ, ಬ್ಯಾಂಡೇಜು, ಕಾಫಿ, ಮೊಳೆ, ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದಳು. ಹಿರಿಯರು ನಡುವೆ ಬಾಯಿ ಹಾಕದೆ, ಕಣ್ಣು ಮುಚ್ಚಿಕೊಂಡು, ಕೊನೆಯವರೆಗೆ ಕೇಳಿದರು. ಆ ವರ್ಷ ಅವಳ ಮಾತನ್ನು ಹಾಗೆ ಕೂತು ಕೇಳಿದ ಗಂಡಸು ಅವರೊಬ್ಬರೇ. ನಾನು ಶೀನನ ಮುಖವನ್ನೇ ನೋಡುತ್ತಿದ್ದೆ. ಅವನು ಬೆವರು ಒರಸಿಕೊಂಡ, ಆದರೆ ಏಳಲಿಲ್ಲ. "ಕಾಣಿ, ಎಷ್ಟ್ ಸಮ ಹೇಳ್ತ್ ಕಾಣಿ" ಎಂದು ಜಲಜ ನನ್ನ ಮೊಣಕೈ ತಿವಿದಳು.

ಹಿರಿಯರು ಕಣ್ಣು ತೆರೆದರು. ಗಟ್ಟಿ ಜಾತಿಯದು, ಒಂದು ನೂಲಿಗೆ ಬಿಡುವಂಥದ್ದಲ್ಲ ಎಂದರು. ಶೀನನಿಗೆ ವಿಧಿಗಳನ್ನು ಹೇಳಿದರು. ವರ್ಷ ತುಂಬುವವರೆಗೆ ಹುಡುಗಿ ಉಪ್ಪುನೀರಿನ ಬದಿಗೆ ಹೋಗಬಾರದು. ಒಬ್ಬಳೇ ಬಸ್ಸು ಹತ್ತಬಾರದು. ಹೊರಗಿನವರ ಹತ್ತಿರ ಗಟ್ಟಿ ದನಿಯಲ್ಲಿ ಮಾತಾಡಬಾರದು.

"ಅದ್ಕೆ?" ಎಂದಳು ಪೂರ್ಣಿ.

"ಯಾವ್ದಕ್ಕೆ ಮಗಾ?"

"ನನ್ನ್ ಹಿಡ್ದದ್ದಕ್ಕೆ. ಅದ್ ಎಲ್ಲೆಲ್ ಹೋಪುಕಾಗ?"

ಅವರು ಕೈಯಲ್ಲಿದ್ದ ನೂಲನ್ನು ಬಿಟ್ಟು ಅವಳ ಕಡೆಗೆ ತಿರುಗಿದರು. ಅರ್ಥವಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ದನಿಯಲ್ಲಿ ಮಾತ್ರ ಕನಿಕರವಿತ್ತು.

"ಅದ್ ಅದ್ರ ಜಾಗ್ದಗೆ ಇರತ್ತ್ ಮಗಾ. ದಾರಿ ಬಿಡ್ಕಾದ್ದ್ ನಾವ್."

ಶೀನ ಹೌದು ಹೌದು ಎಂದು ತಲೆಯಾಡಿಸಿದ. ಜಲಜ ಸೆರಗಿನಲ್ಲಿ ಕಣ್ಣೊರಸಿಕೊಂಡು, "ಈಗ ಸಮಾಧಾನ ಆಯ್ತ್" ಎಂದಳು. ಪೂರ್ಣಿ ಎಡಗೈ ಮುಂದೆ ಚಾಚಿದಳು. ಹಿರಿಯರು ನೂಲು ಕಟ್ಟಿದರು.